ಕೇಳಿದ್ದನ್ನಷ್ಟೇ ನುಡಿಯೋಣ

ಮಾಳಿಗೆಯ ಮೇಲೆ ತಂತಿ ಕಟ್ಟಿ, ಇರುಳಿನಲ್ಲಿ ದೂರದೇಶಗಳ ಶಾರ್ಟ್‌ವೇವ್ ಬಾನುಲಿಗೆ ಕಿವಿಗೊಡುವ ಹವ್ಯಾಸಿಗಳನ್ನು ಬಲ್ಲಿರಾ? ಆಲಿಸಿದ ವೇಳೆ, ತರಂಗಾಂತರ, ಕಾರ್ಯಕ್ರಮದ ವಿವರ, ನಡುವಣ ಗದ್ದಲ ಇವನ್ನು ಬರೆದು ಕಳುಹಿಸಿದರೆ ನಿಲಯವು ‘ಕ್ಯೂಎಸ್ಎಲ್’ ಎಂಬ ದೃಢೀಕರಣ ಕಾರ್ಡನ್ನು ಕಳುಹಿಸುತ್ತದೆ. ವೇಳಾಪಟ್ಟಿ ನೋಡಿ ಕೇಳದ್ದನ್ನೂ ಬರೆಯಬಹುದು, ಕಾರ್ಡು ಬರಲೂಬಹುದು. ಆದರೆ ಅದು ಯಾವ ಸತ್ಯಕ್ಕೆ ಸಾಕ್ಷಿ?

ನಮ್ಮ ಗೌರಿಬಿದನೂರಿನ ಬಳಿಯ, 1976ರ ರೇಡಿಯೋ ಖಗೋಳ ವೀಕ್ಷಣಾಲಯದಲ್ಲಿಯೂ ಇದೇ ಶಿಸ್ತು. ‘ಟಿ’ ಆಕಾರದಲ್ಲಿ ಹರಡಿದ 1000 ಆಂಟೆನಾಗಳು 34.5 ಮೆಗಾಹರ್ಟ್ಸ್‌ನಲ್ಲಿ ಆಕಾಶವನ್ನು ಆಲಿಸಿದಾಗಲೂ, ಭೂಮಿಯ ಗದ್ದಲವನ್ನು ಬೇರ್ಪಡಿಸದೆ ನಕ್ಷತ್ರಲೋಕದ ದನಿಯೆಂದು ಬರೆಯುವಂತಿರಲಿಲ್ಲ.

ನಾವಾದರೋ ನೆರೆಯವರ ಕುರಿತು ಅರೆಬರೆ ಕಿವಿಗೆ ಬಿದ್ದುದನ್ನು ಪೂರ್ಣವಾಗಿ ಬಲ್ಲವರಂತೆ ನುಡಿದು, ಅವರ ಮಾನ ಕಳೆಯುತ್ತೇವೆ. ಅದು ಸುಳ್ಳುಸಾಕ್ಷಿಯಲ್ಲವೇ? ‘ನನಗೆ ಸ್ಪಷ್ಟವಾಗಿ ಕೇಳಿಸಲಿಲ್ಲ’ ಎಂದು ಒಪ್ಪಿಕೊಳ್ಳುವುದೂ ಸತ್ಯದ ಸೇವೆಯೇ.