ನಾಬಾಲನ ಔತಣ

(ಓದತಕ್ಕ ವೇದಭಾಗಗಳು: 1 ಸಮುವೇಲ 25ನೆಯ ಅಧ್ಯಾಯ, ಮಾರ್ಕ 2ನೆಯ ಅಧ್ಯಾಯದ ಮೊದಲನೆಯ ಭಾಗ)



ಮಾವೋನ್ ಎಂಬ ಸ್ಥಳದಲ್ಲಿ ನಾಬಾಲನೆಂಬ ಧನವಂತನೊಬ್ಬನಿದ್ದನು. ಅವನ ಹಟ್ಟಿಯಲ್ಲಿ 3,000 ಕುರಿಗಳೂ 1,000 ಆಡುಗಳೂ ಇದ್ದವೆಂದು ಸತ್ಯವೇದವು ತಿಳಿಸುತ್ತದೆ. ಯಾದಗಿರಿ, ಶಹಾಪುರ, ಸುರಪುರಗಳ ಸೀಮೆಯಲ್ಲಿ ಕುರಿ ಸಾಕುವವರಿಗೆ ಉಣ್ಣೆ ಕತ್ತರಿಸುವ ದಿನದ ಸಡಗರವೇನೆಂದು ಹೇಳಬೇಕಾದದ್ದಿಲ್ಲ. ಅಂಥ ಕಾಲದಲ್ಲಿ ನಾಬಾಲನು ತನ್ನ ಮನೆಯಲ್ಲಿ ರಾಜರಿಗೆ ತಕ್ಕ ಔತಣವನ್ನು ಮಾಡಿಸಿ, ಮೈಮೇಲೆ ಪ್ರಜ್ಞೆಯಿಲ್ಲದಂತೆ ಕುಡಿದನು. ಅದೇ ದಿನ ಅವನ ಹೆಂಡತಿಯಾದ ಅಬೀಗೈಲಳು ದಾವೀದನ ಕತ್ತಿಯಿಂದ ಇಡೀ ಮನೆತನವನ್ನು ತಪ್ಪಿಸಿ ಬಂದಿದ್ದಳು. ಆದರೆ ಆ ರಾತ್ರಿ ಅವನ ಸ್ಥಿತಿಯನ್ನು ನೋಡಿ ಬಾಯಿ ತೆರೆಯಲಿಲ್ಲ. ಬೆಳಿಗ್ಗೆ ಅಮಲು ಇಳಿದ ಮೇಲೆ ನಡೆದದ್ದನ್ನು ಹೇಳಲು, ಅವನ ಎದೆಯು ಕುಸಿಯಿತು. ಅವನು ಅಲ್ಲಾಡದ ಕಲ್ಲಿನ ಹಾಗಾದನು. ಸುಮಾರು ಹತ್ತು ದಿನಗಳ ತರುವಾಯ ಸತ್ತನು.

ಆ ಬೇನೆಗೆ ವೇದವು ಹೆಸರಿಡುವುದಿಲ್ಲ. ಆದರೂ ಈ ಕಥೆಯನ್ನು ಓದಿದವರಲ್ಲಿ ಅನೇಕರು, ಇದು ವೈದ್ಯರು ಪಾರ್ಶ್ವವಾಯು ಎನ್ನುವ, ನಮ್ಮ ಜನರು ಲಕ್ವ ಎನ್ನುವ ರೋಗವೇ ಇರಬೇಕೆಂದು ಎಣಿಸಿದ್ದಾರೆ. ರಾತ್ರಿ ಕುಡಿದು ಬೆಳಿಗ್ಗೆ ಕಲ್ಲಾದ ಮನುಷ್ಯರು ನಮ್ಮ ಸೀಮೆಯಲ್ಲಿಯೂ ಇಲ್ಲವೇ? ಆದಕಾರಣ ಈ ತಿಂಗಳು ನಾವು ಈ ಔತಣದ ಕುರಿತು ಧ್ಯಾನಿಸೋಣ.

ಮೊದಲನೆಯದಾಗಿ, ಲಕ್ವವೆಂದರೇನು? ಶಹಾಪುರ, ಸುರಪುರದ ರೈತರು ಕೃಷ್ಣೆಯ ಕಾಲುವೆಯನ್ನು ಬಲ್ಲವರಾಗಿದ್ದಾರೆ. ಉಪಕಾಲುವೆಯಲ್ಲಿ ಹೂಳು ತುಂಬಿದರೆ ತುದಿಯ ಹೊಲವು ಒಣಗುತ್ತದೆ; ಒಡ್ಡು ಒಡೆದರೆ ಬೆಳೆಯು ಮುಳುಗಿ ಕೊಳೆಯುತ್ತದೆ. ಮಿದುಳಿಗೆ ರಕ್ತವನ್ನು ಒಯ್ಯುವ ನಾಳಗಳಿಗೂ ಈ ಎರಡು ಕೇಡುಗಳು ಉಂಟು. ನಾಳದಲ್ಲಿ ರಕ್ತವು ಗಡ್ಡೆಕಟ್ಟಿ ದಾರಿ ಮುಚ್ಚಿದರೆ ಮಿದುಳಿನ ಆ ಭಾಗವು ಆಹಾರವಿಲ್ಲದೆ ಸಾಯುತ್ತದೆ; ಹೆಚ್ಚಿನ ಲಕ್ವಗಳು ಈ ಬಗೆಯವು. ನಾಳವು ಒಡೆದು ರಕ್ತವು ಸೋರಿದರೆ ಅದು ಇನ್ನೊಂದು ಬಗೆ, ಮತ್ತಷ್ಟು ಭಯಂಕರವಾದದ್ದು. ಮಿದುಳಿನ ಯಾವ ಭಾಗವು ಕೆಟ್ಟಿತೋ ಅದರ ಕೈ, ಅದರ ಕಾಲು, ಅದರ ಮಾತು ಬಿದ್ದುಹೋಗುತ್ತದೆ.

ಇದು ಹೀಗಿರಲಾಗಿ, ಲಕ್ವ ಬಡಿದ ಮನೆಯಲ್ಲಿ ನಾವು ಏನನ್ನು ಕೇಳುತ್ತೇವೆ? ಯಾರೋ ಭಾನಾಮತಿ ಮಾಡಿಸಿದರೆಂದು ಒಬ್ಬನು. ಗಾಳಿ ಸೋಕಿತೆಂದು ಇನ್ನೊಬ್ಬನು. ಪಾರಿವಾಳದ ರಕ್ತವನ್ನು ಹಚ್ಚಿರೆಂದು ಮತ್ತೊಬ್ಬನು. ಅಂಧಕಾರದಿಂದ ಕರೆಯಲ್ಪಟ್ಟ ನಾವು ಇಂಥ ಮಾತುಗಳಿಗೆ ಕಿವಿಗೊಡುವುದು ಯೋಗ್ಯವೋ? ನೆರೆಯವನ ಮೇಲೆ ಸುಳ್ಳು ಅಪವಾದ ಹೊರಿಸಿದ ಪಾಪವೊಂದು, ರೋಗಿಯ ಅಮೂಲ್ಯವಾದ ಗಳಿಗೆಗಳನ್ನು ಕಳೆದ ಪಾಪವೊಂದು. ಹೀಗೆ ಎರಡು ಪಾಪಗಳು ನಮ್ಮ ತಲೆಯ ಮೇಲೆ ಬರುತ್ತವೆ.

ಎರಡನೆಯದಾಗಿ, ಲಕ್ವವು ಸಿಡಿಲಿನಂತೆ ಬಡಿದರೂ ಬಹುಕಾಲದಿಂದ ಸಿದ್ಧವಾಗುತ್ತಾ ಬಂದದ್ದಾಗಿರುತ್ತದೆ. ಭಾರತವೂ ಸೇರಿ 32 ದೇಶಗಳಲ್ಲಿ ಸುಮಾರು 27,000 ಜನರನ್ನು ವಿಚಾರಿಸಿ 2016ನೆಯ ಇಸವಿಯಲ್ಲಿ ಪ್ರಕಟಿಸಿದ ಒಂದು ದೊಡ್ಡ ಶೋಧನೆಯಲ್ಲಿ, ನಾವು ತಿದ್ದಿಕೊಳ್ಳಬಹುದಾದ ಹತ್ತು ಕಾರಣಗಳೇ ಹತ್ತರಲ್ಲಿ ಒಂಬತ್ತು ಪಾಲು ಲಕ್ವಗಳ ಹಿಂದೆ ಇವೆಯೆಂದು ಕಂಡುಬಂತು. ಅವುಗಳಲ್ಲಿ ಮೊದಲನೆಯದು ಏರಿದ ರಕ್ತದೊತ್ತಡ, ಅಂದರೆ ಜನರು ಬಿ.ಪಿ. ಎನ್ನುವುದು. ಬೀಡಿ ಸಿಗರೇಟು, ಸಕ್ಕರೆ ರೋಗ, ಕೆಟ್ಟ ಆಹಾರ, ಮೈ ದುಡಿಸದಿರುವುದು, ಹೊಟ್ಟೆಯ ಬೊಜ್ಜು, ಹೃದಯದ ರೋಗ, ರಕ್ತದಲ್ಲಿಯ ಕೊಬ್ಬು, ಮನೋವ್ಯಥೆ, ಕುಡಿತ ಇವು ಉಳಿದವುಗಳು.

ಕುಡಿತವು ಒಂದೇ ಬಾಗಿಲಿನಿಂದ ಒಳಗೆ ಬರುವ ಕಳ್ಳನಲ್ಲ. ಅದು ರಕ್ತದ ಒತ್ತಡವನ್ನು ಏರಿಸುತ್ತದೆ. ಅದು ಹೃದಯದ ಬಡಿತವನ್ನು ತಾಳತಪ್ಪಿಸುತ್ತದೆ. ತಾಳತಪ್ಪಿದ ಹೃದಯದಲ್ಲಿ ರಕ್ತವು ನಿಂತು ಗಡ್ಡೆಯಾಗಿ, ಆ ಗಡ್ಡೆಯು ಮಿದುಳಿಗೆ ಹೋಗಿ ಸಿಕ್ಕಿಕೊಳ್ಳುತ್ತದೆ. ವಾರವೆಲ್ಲಾ ಮುಟ್ಟದೆ, ಕೂಲಿ ಸಿಕ್ಕಿದ ಸಂಜೆ ಅಥವಾ ಲಗ್ನದ ರಾತ್ರಿ ಒಮ್ಮೆಲೇ ಹೊಟ್ಟೆ ತುಂಬಾ ಕುಡಿಯುವವನಿಗೂ ಈ ಅಪಾಯವುಂಟು. ನಾಬಾಲನ ಔತಣವು ಒಂದೇ ರಾತ್ರಿಯದಾಗಿತ್ತಲ್ಲವೇ? ಬಹುಕಾಲ ಕುಡಿದವನ ಪಿತ್ತಜನಕಾಂಗವು ಕೆಟ್ಟು, ರಕ್ತವು ಹೆಪ್ಪುಗಟ್ಟುವ ಗುಣವನ್ನು ಕಳಕೊಳ್ಳುವುದರಿಂದ ನಾಳ ಒಡೆದಾಗ ಸೋರಿಕೆಯು ನಿಲ್ಲುವುದಿಲ್ಲ.

“ಸ್ವಲ್ಪ ಕುಡಿದರೆ ಒಳ್ಳೆಯದೆಂದು ಓದಿದವರೇ ಹೇಳುತ್ತಾರಲ್ಲಾ, ಪೌಲನು ತಿಮೊಥೆಯನಿಗೆ ಹೊಟ್ಟೆಯ ನಿಮಿತ್ತ ಸ್ವಲ್ಪ ದ್ರಾಕ್ಷಾರಸ ಕುಡಿಯೆಂದು ಬರೆದನಲ್ಲಾ” ಎಂದು ಕೆಲವರು ವಾದಿಸುವರು. ಪೌಲನು ಒಬ್ಬ ರೋಗಿಗೆ ಔಷಧವಾಗಿ ಹೇಳಿದ ಮಾತನ್ನು ಅಂಗಡಿಯ ಮುಂದಿನ ಸಾಲಿನಲ್ಲಿ ನಿಂತು ಹೇಳುವುದು ನ್ಯಾಯವಲ್ಲ. ಮತ್ತು ಓದಿದವರ ಮಾತೂ ಈಗ ಬದಲಾಗಿದೆ. ಚೀನಾ ದೇಶದಲ್ಲಿ 5,00,000ಕ್ಕೂ ಹೆಚ್ಚು ಜನರನ್ನು ಸುಮಾರು ಹತ್ತು ವರುಷ ಗಮನಿಸಿ 2019ರಲ್ಲಿ ಫಲವನ್ನು ಪ್ರಕಟಿಸಿದರು. ಆ ದೇಶದ ಅನೇಕರಿಗೆ ಹುಟ್ಟಿನಿಂದಲೇ ಮದ್ಯವು ಒಗ್ಗದ ಕಾರಣ ಅವರು ಕುಡಿಯುವುದು ಬಹು ಕಡಿಮೆ. ಅಂಥವರನ್ನು ಇತರರೊಂದಿಗೆ ಹೋಲಿಸಿದಾಗ, ಸ್ವಲ್ಪ ಕುಡಿತವು ಲಕ್ವದಿಂದ ಕಾಪಾಡುತ್ತದೆಂಬುದು ಸುಳ್ಳೆಂದು ತೋರಿತು. ದಿನಕ್ಕೆ ಒಂದೆರಡು ಅಳತೆ ಕುಡಿದರೂ ಅಪಾಯವು ನೂರಕ್ಕೆ 10ರಿಂದ 15ರಷ್ಟು, ನಾಲ್ಕು ಅಳತೆಯಾದರೆ ಸುಮಾರು 35ರಷ್ಟು ಹೆಚ್ಚುವುದು. ಆ ನಾಲ್ಕು ಅಳತೆಗಳಲ್ಲಿ ಇರುವ ಮದ್ಯಸಾರವು ಸುಮಾರು 40 ಗ್ರಾಂ; ನಮ್ಮವರು ಕ್ವಾರ್ಟರ್ ಎನ್ನುವ 180 ಮಿಲಿಲೀಟರಿನ ವಿಸ್ಕಿಯಲ್ಲಿಯೋ ಸುಮಾರು 60 ಗ್ರಾಂ! ಆರೋಗ್ಯಕ್ಕೆ ಅಪಾಯವಿಲ್ಲದ ಕುಡಿತದ ಅಳತೆಯೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯವರು 2023ನೆಯ ಜನವರಿಯಲ್ಲಿ ಸಾರಿದ್ದಾರೆ. 1743ರಲ್ಲಿ ಜಾನ್ ವೆಸ್ಲಿಯವರು ತಮ್ಮ ಸಂಘದವರಿಗೆ ನಿಯಮಗಳನ್ನು ಬರೆದಾಗ, ಅತ್ಯಂತ ಅವಶ್ಯವಾದ ಹೊರತು ಉರಿಮದ್ಯವನ್ನು ಕೊಳ್ಳಲೂ ಮಾರಲೂ ಕುಡಿಯಲೂ ಬಾರದೆಂದು ವಿಧಿಸಿದ್ದು ಹುಚ್ಚುತನವಾಗಿರಲಿಲ್ಲ.

ಕರ್ನಾಟಕ ಸರಕಾರವು 2007ನೆಯ ಇಸವಿ ಜುಲೈ 1ರಿಂದ ಸಾರಾಯಿಯನ್ನು ನಿಲ್ಲಿಸಿತು. ಸಾರಾಯಿ ಅಂಗಡಿ ಮುಚ್ಚಿತು, ಆಸೆಯು ಮುಚ್ಚಲಿಲ್ಲ. ಅದೇ ಮನುಷ್ಯರು ಅಗ್ಗದ ಬ್ರಾಂದಿ ವಿಸ್ಕಿಯ ಕಡೆಗೆ ತಿರುಗಿಕೊಂಡರು. ಕಾನೂನು ಅಂಗಡಿಯ ಬಾಗಿಲನ್ನು ಮುಚ್ಚಬಲ್ಲದು. ಹೃದಯದ ಬಾಗಿಲಿಗೆ ಕಾವಲಿಡುವವನು ಕರ್ತನೇ.

ಕುಡಿಯುವವನ ಕೈಯಲ್ಲಿ ಬೀಡಿಯೂ ಮುಂದೆ ಮಿರ್ಚಿಭಜಿಯೂ ಉಪ್ಪು ಖಾರದ ಚುರುಮುರಿಯೂ ಇರುತ್ತವೆ. ಹೊಗೆಯು ನಾಳಗಳನ್ನು ಗಡುಸು ಮಾಡಿ ರಕ್ತವನ್ನು ಮಂದ ಮಾಡುತ್ತದೆ. ಉಪ್ಪು ಒತ್ತಡವನ್ನು ಏರಿಸುತ್ತದೆ. ಒಬ್ಬನಿಗೆ ಇಡೀ ದಿನಕ್ಕೆ ಎಲ್ಲಾ ಅಡಿಗೆಯೊಳಗಣದ್ದು ಸೇರಿ ಒಂದು ಚಹಾ ಚಮಚದಷ್ಟು, ಅಂದರೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು. ತಾಯಂದಿರೇ, ಉಪ್ಪಿನಕಾಯಿಯ ಭರಣಿಯೂ ಹಪ್ಪಳದ ಡಬ್ಬಿಯೂ ನಿಮ್ಮ ಕೈಯಲ್ಲಿವೆ. ಈ ಕಾರ್ಯದಲ್ಲಿ ನೀವೇ ಮನೆಯ ಅಬೀಗೈಲಳು.

ಬಿ.ಪಿ. ಏರಿದವನಿಗೆ ಅನೇಕಸಾರಿ ನೋವೂ ಇಲ್ಲ, ಸೂಚನೆಯೂ ಇಲ್ಲ. ಆದಕಾರಣ ಮೂವತ್ತು ದಾಟಿದವರು ಸರಕಾರಿ ಆಸ್ಪತ್ರೆಯಲ್ಲಿ ವರುಷಕ್ಕೊಮ್ಮೆಯಾದರೂ ಅಳೆಯಿಸಿಕೊಳ್ಳತಕ್ಕದ್ದು. 140ಕ್ಕೆ 90 ಅಥವಾ ಅದಕ್ಕೆ ಮೇಲ್ಪಟ್ಟು ಮತ್ತೆ ಮತ್ತೆ ಬಂದರೆ ವೈದ್ಯರು ಹೇಳಿದಂತೆ ನಡೆಯತಕ್ಕದ್ದು. ಗುಳಿಗೆ ತಕ್ಕೊಂಡು ಹಿತವಾದ ಕೂಡಲೆ ಅದನ್ನು ಬಿಟ್ಟುಬಿಡುವವರು ಬಹಳ. ಅದು ಒಡ್ಡಿನ ಕಲ್ಲನ್ನು ತಾನೇ ಕಿತ್ತ ಹಾಗೆ. ಬೆಂಗಳೂರು, ಪುಣೆ, ಮುಂಬಯಿಗೆ ಗುಳೆ ಹೋಗುವವರು ಗುಳಿಗೆಯ ಚೀಟಿಯನ್ನೂ ಗಂಟಿನಲ್ಲಿ ಕಟ್ಟಿಕೊಳ್ಳಲಿ.

ದಿನಾಲು ಬಹಳವಾಗಿ ಕುಡಿಯುತ್ತಿದ್ದವನು ಬಿಡಲು ಮನಸ್ಸು ಮಾಡಿದರೆ ದೇವರಿಗೆ ಸ್ತೋತ್ರ! ಆದರೆ ಅಂಥವನು ಒಮ್ಮೆಲೇ ಬಿಟ್ಟಾಗ ನಡುಕ, ಭ್ರಮೆ, ಫಿಟ್ಸು ಬರುವುದುಂಟು. ಆದುದರಿಂದ ವೈದ್ಯರ ಸಹಾಯದಿಂದ ಬಿಡಿಸಿರಿ. ಪ್ರಾರ್ಥನೆಯೂ ಔಷಧವೂ ಒಂದಕ್ಕೊಂದು ಶತ್ರುಗಳಲ್ಲ.

ಮೂರನೆಯದಾಗಿ, ಲಕ್ವವು ಬಡಿದೇಬಿಟ್ಟರೆ ಏನು ಮಾಡಬೇಕು? ಕಪೆರ್ನೌಮಿನಲ್ಲಿ ಪಾರ್ಶ್ವವಾಯು ರೋಗಿಯನ್ನು ಹೊತ್ತುತಂದ ನಾಲ್ವರನ್ನು ಜ್ಞಾಪಿಸಿಕೊಳ್ಳಿರಿ. ಜನಸಂದಣಿಯಿಂದ ಬಾಗಿಲು ಸಿಕ್ಕದಿದ್ದಾಗ ಅವರು, ನಾಳೆ ಬರೋಣವೆನ್ನಲಿಲ್ಲ. ನಮ್ಮೂರ ಮಣ್ಣಿನ ಮಾಳಿಗೆಯಂಥ ಮಾಳಿಗೆಯನ್ನು ಹತ್ತಿ ಅಗೆದು, ರೋಗಿಯನ್ನು ಕರ್ತನ ಮುಂದೆ ಇಳಿಸಿದರು. ಕರ್ತನು ನೋಡಿದ್ದು ಆ ನಾಲ್ವರ ನಂಬಿಕೆಯನ್ನು ಸಹ. ನಿಮ್ಮ ನೆರೆಯವನನ್ನು ನಗು ಎನ್ನಿರಿ. ಬಾಯಿ ಒಂದು ಕಡೆಗೆ ಸೊಟ್ಟಗಾಯಿತೋ? ಎರಡು ಕೈಗಳನ್ನೂ ಎತ್ತು ಎನ್ನಿರಿ. ಒಂದು ಕೈ ಕೆಳಗೆ ಜಾರಿತೋ? ನಿನ್ನ ಊರ ಹೆಸರು ಹೇಳು ಎನ್ನಿರಿ, ನಾಲಿಗೆ ತೊದಲಿತೋ? ಇವುಗಳಲ್ಲಿ ಒಂದಾದರೂ ಒಮ್ಮೆಲೇ ಕಂಡರೆ ಲಕ್ವವೆಂದೇ ತಿಳಿದು, ಆ ಗಳಿಗೆಯಲ್ಲಿಯೇ 108ಕ್ಕೆ ಕರೆಮಾಡಿರಿ, ಅದಕ್ಕೆ ಹಣವಿಲ್ಲ. ಸೂಚನೆಯು ತಾನಾಗಿ ಮಾಯವಾದರೂ ಬಿಡಬೇಡಿರಿ, ಅದು ದೊಡ್ಡ ಹೊಡೆತದ ಮುನ್ಸೂಚನೆಯಾಗಿರಬಹುದು. ಬಾಯಿಗೆ ನೀರು, ಕಷಾಯ, ಗುಳಿಗೆ ಯಾವುದನ್ನೂ ಹಾಕಬೇಡಿರಿ. ತಲೆಯ ಸಿ.ಟಿ. ಚಿತ್ರ ತೆಗೆದು, ನಾಳವು ಮುಚ್ಚಿದೆಯೋ ಒಡೆದಿದೆಯೋ ಎಂದು ತಿಳಿದುಕೊಂಡ ಮೇಲೆಯೇ ವೈದ್ಯರು ಗಡ್ಡೆಯನ್ನು ಕರಗಿಸುವ ಔಷಧವನ್ನು ಚುಚ್ಚಬಲ್ಲರು. ಅದನ್ನು ಮೊದಲ ಸೂಚನೆಯಿಂದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ದೂರದ ದೊಡ್ಡಿಯಿಂದಲೂ ತಾಂಡಾದಿಂದಲೂ ದಾರಿ ಉದ್ದ. ಆದುದರಿಂದ ಸೂಚನೆ ಕಂಡ ಹೊತ್ತನ್ನು ನೆನಪಿಟ್ಟು ವೈದ್ಯರಿಗೆ ಹೇಳಿರಿ. ನಾಲ್ವರು ಕೂಡಲೆ ಏಳಿರಿ.

ಕಡೆಯದಾಗಿ ಒಂದು ಎಚ್ಚರಿಕೆಯ ಮಾತು. ಹನಿ ಮದ್ಯವನ್ನೂ ಮುಟ್ಟದ ದೈವಭಕ್ತರಿಗೂ ಲಕ್ವವು ಬರುತ್ತದೆ. ಹುಟ್ಟುಕುರುಡನನ್ನು ಕಂಡು ಶಿಷ್ಯರು ಯಾರ ಪಾಪವೆಂದು ಕೇಳಿದಾಗ ಕರ್ತನು ಆ ಪ್ರಶ್ನೆಯನ್ನೇ ತಳ್ಳಿಬಿಟ್ಟನು. ಆದಕಾರಣ ಬಿದ್ದವನ ಮಂಚದ ಬಳಿಗೆ ಪಾಪದ ಲೆಕ್ಕ ತಕ್ಕೊಂಡು ಹೋಗಬೇಡಿರಿ. ಕುಡಿದು ಬಿದ್ದವನಾದರೂ ನಮ್ಮ ಸಹೋದರನೇ. ಅವನ ಕೈಕಾಲುಗಳನ್ನು ದಿನಾಲು ಆಡಿಸಿರಿ, ಮಗ್ಗುಲು ತಿರುಗಿಸಿರಿ, ಅವನ ಹೊಲದ ತೊಗರಿಯನ್ನು ಕೊಯ್ದುಕೊಡಿರಿ, ಅವನ ಹೆಂಡತಿಗೆ ಜೋಳದ ಹಿಟ್ಟು ಒಯ್ಯಿರಿ. ತಿಂಗಳುಗಳ ಅಭ್ಯಾಸದಿಂದ ಎದ್ದು ನಡೆದವರು ಇದ್ದಾರೆ.

ನಾಬಾಲನಿಗೆ ಹತ್ತು ದಿನಗಳು ಸಿಕ್ಕಿದವು. ಆದರೆ ಅವನು ಕಲ್ಲಾಗಿದ್ದನು. ನಿಮಗೆ ಇಂದಿನ ದಿನವುಂಟು, ಕೈಯಲ್ಲಿ ಬಲವುಂಟು, ಬಾಯಲ್ಲಿ ಮಾತುಂಟು. ಬರುವ ಲಗ್ನದಲ್ಲಿ, ಬರುವ ಕೂಲಿಯ ಸಂಜೆಯಲ್ಲಿ ಆ ಕೈಯಿಂದಲೇ ಬಟ್ಟಲನ್ನು ಆಚೆಗೆ ತಳ್ಳಿ, ಆ ಬಾಯಿಂದಲೇ ಒಲ್ಲೆನೆಂದು ಹೇಳುವ ಕೃಪೆಯನ್ನು ಕರ್ತನು ನಮ್ಮೆಲ್ಲರಿಗೂ ಅನುಗ್ರಹಿಸಲಿ. ಆಮೆನ್.