ಹಸಿರು ಟಿಕ್ಕಿನ ಹಿಂದೆ ಏನುಂಟು?

ಮಕ್ಕಳು ಪರದೇಶದಲ್ಲಿರುವ ಮಂಗಳೂರಿನ ಮನೆಗಳಲ್ಲಿ ಒಂದು ಹಳೆಯ ಕಂಪ್ಯೂಟರ್ ಇದ್ದೇ ಇರುತ್ತದೆ. ಪಕ್ಕದಲ್ಲಿ ಅಂಗೈಯಗಲದ ಕಪ್ಪು ಹಾರ್ಡ್ ಡಿಸ್ಕು. ಎರಡನ್ನೂ ತಂದುಕೊಟ್ಟವರು ಮಗನೋ ಸೋದರಳಿಯನೋ. ರಜೆಗೆ ಬಂದಾಗ ಅವರೇ ಒಂದು ಬ್ಯಾಕಪ್ ತಂತ್ರಾಂಶವನ್ನೂ ಹಾಕಿ, "ಇನ್ನು ನೀವು ಎಂತದೂ ಮಾಡುವುದು ಬೇಡ, ಎಲ್ಲ ಅದೇ ನೋಡಿಕೊಳ್ತದೆ" ಎಂದು ಧೈರ್ಯ ಹೇಳಿ ವಿಮಾನ ಹತ್ತುತ್ತಾರೆ. ಆಮೇಲಿನ ಕಥೆ ಅವರಿಗೆ ಗೊತ್ತಿರುವುದಿಲ್ಲ. ಈ ಸಂಚಿಕೆಯನ್ನು ಓದುವವರಲ್ಲಿ ಹಾಗೆ ವಿಮಾನ ಹತ್ತಿದವರು ಬಹಳ ಮಂದಿ ಇರುವುದರಿಂದ, ಊರಿನಲ್ಲಿ ಉಳಿದವನ ಕಡೆಯಿಂದ ಅದನ್ನು ಹೇಳುತ್ತೇನೆ.

ನಮ್ಮ ಮನೆಯ ಕಂಪ್ಯೂಟರಿನಲ್ಲಿ ಇರುವುದು ತಂದೆಯವರು ಅರ್ಥ ಹೇಳಿದ ತಾಳಮದ್ದಳೆಗಳ ಧ್ವನಿಮುದ್ರಣ, ತಂಗಿಯ ಮದುವೆಯ ವಿಡಿಯೋ, ಜಾಗದ ಆರ್‌ಟಿಸಿ ಮತ್ತು ಕ್ರಯಪತ್ರದ ಸ್ಕ್ಯಾನು, ಅಮ್ಮ ಹೇಳಿ ನಾನು ಟೈಪು ಮಾಡಿದ ಅಡುಗೆಯ ವಿವರ. ಇವುಗಳ ಮೂಲ ಈಗ ಲೆಕ್ಕಕ್ಕಿಲ್ಲ. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರು ಇದು. ಆಟಿ ತಿಂಗಳಲ್ಲಿ ಕಪಾಟಿನೊಳಗಿನ ಚರ್ಮದ ಬೆಲ್ಟಿಗೂ ಬೂಷ್ಟು ಹಿಡಿಯುತ್ತದೆ. ಕ್ಯಾಸೆಟ್ಟಿನ ರೀಲನ್ನು, ಸಿಡಿಯ ಹೊಳಪನ್ನು ಅದು ಬಿಡುವುದುಂಟೇ? ಆಲ್ಬಮ್ಮಿನ ಫೋಟೋಗಳು ಪ್ಲಾಸ್ಟಿಕ್ ಹಾಳೆಗೆ ಅಂಟಿ, ಎಬ್ಬಿಸಿದರೆ ಮುಖವೇ ಕಿತ್ತು ಬರುತ್ತದೆ. ಹಾಗಾಗಿ ಒಂದು ಕಾಲಕ್ಕೆ ನಕಲು ಎನಿಸಿಕೊಂಡಿದ್ದೇ ಇವತ್ತು ನಮಗೆ ಅಸಲು. ಅದಕ್ಕೆ ಇನ್ನೊಂದು ನಕಲು ಬೇಕು ಎನ್ನುವುದರಲ್ಲಿ ತಕರಾರಿಲ್ಲ. ತಕರಾರು ಇರುವುದು ಆ ಕೆಲಸವನ್ನು ವಹಿಸಿಕೊಂಡ ತಂತ್ರಾಂಶದ ರೀತಿನೀತಿಯಲ್ಲಿ.

ಮೊದಲನೆಯದಾಗಿ, ಅದು ರಾತ್ರಿ ಎರಡು ಗಂಟೆಗೆ ಏಳುತ್ತದೆ. ನಾವು ಮಲಗಿರುವಾಗ ಸದ್ದಿಲ್ಲದೆ ಕೆಲಸ ಮುಗಿಸುವ ಅದರ ಸೌಜನ್ಯ ಮೆಚ್ಚತಕ್ಕದ್ದೇ. ಆದರೆ ಇಲ್ಲಿ ಮಲಗುವ ಮುಂಚೆ ಒಂದೊಂದು ಕೋಣೆಗೂ ಹೋಗಿ ಸ್ವಿಚ್ಚು ಬಂದ್ ಮಾಡುವುದು ಹಿರಿಯರ ನಿತ್ಯಕರ್ಮ. ಏಪ್ರಿಲ್-ಮೇ ತಿಂಗಳಲ್ಲಿ, ಮತ್ತೆ ದೀಪಾವಳಿಯ ಆಸುಪಾಸಿನಲ್ಲಿ, ಸಂಜೆ ಗುಡುಗು ಕೇಳಿದೊಡನೆ ಟಿವಿ, ಮೋಡೆಮ್, ಕಂಪ್ಯೂಟರ್ ಎಲ್ಲದರ ಪ್ಲಗ್ಗು ಎಳೆದು ಇಡುತ್ತೇವೆ. ಎಳೆಯದವರ ಮೋಡೆಮ್ ಸಿಡಿಲಿಗೆ ಸುಟ್ಟುಹೋದ ಕಥೆ ಪ್ರತಿ ಓಣಿಯಲ್ಲೂ ಉಂಟು. ದಿನದ ಇಪ್ಪತ್ತನಾಲ್ಕು ಗಂಟೆ ಕರೆಂಟು, ಇಂಟರ್‌ನೆಟ್ಟು ಇರುವ ಮನೆಯನ್ನು ಕಣ್ಣ ಮುಂದೆ ಇಟ್ಟುಕೊಂಡು ಬರೆದ ತಂತ್ರಾಂಶಕ್ಕೆ ಇದೆಲ್ಲ ಹೇಗೆ ಗೊತ್ತಾಗಬೇಕು?

ಅರ್ಧಕ್ಕೆ ನಿಂತರೆ ಏನಂತೆ, ನಾಳೆ ಆದೀತು ಎನ್ನುವ ಹಾಗೂ ಇಲ್ಲ. ಹೆಚ್ಚಿನ ಬ್ಯಾಕಪ್ ತಂತ್ರಾಂಶಗಳು ಮೊದಲ ದಿನ ಪೂರ್ತಿ ನಕಲು ಮಾಡಿ, ಆಮೇಲೆ ದಿನದಿನಕ್ಕೆ ಬದಲಾದಷ್ಟನ್ನು ಮಾತ್ರ ಸೇರಿಸುತ್ತಾ ಹೋಗುತ್ತವೆ. ಸಮಯವೂ ಜಾಗವೂ ಉಳಿಯುವ ಜಾಣ ಉಪಾಯ ಅದು. ಆದರೆ ಹೀಗೆ ಒಂದಕ್ಕೊಂದು ಕೊಂಡಿ ಹಾಕಿದ ಸರಣಿಯಲ್ಲಿ ನಡುವಿನದೊಂದು ಕೆಟ್ಟರೆ, ಅದರ ನಂತರದವು ಡಿಸ್ಕಿನಲ್ಲಿ ಇದ್ದೂ ಪ್ರಯೋಜನಕ್ಕೆ ಬರುವುದಿಲ್ಲ. ಕೆಟ್ಟಿದ್ದು ಯಾವಾಗ ಗೊತ್ತಾಗುತ್ತದೆ? ಕಂಪ್ಯೂಟರ್ ಕೈಕೊಟ್ಟು, ನಕಲನ್ನು ಬಿಚ್ಚಲು ಕೂತ ದಿನ.

ಹೊರದೇಶದಿಂದ ಬರುವ ಫೋನಿನಲ್ಲಿ ಈ ವಿಷಯ ಚರ್ಚೆಗೆ ಬರುವುದು ಹೀಗೆ:

"ಮಾವ, ಬ್ಯಾಕಪ್ ಆಗ್ತಾ ಉಂಟಾ? ಸ್ಕ್ರೀನಿನಲ್ಲಿ ಎಂತ ಕಾಣ್ತದೆ?"

"ಹಸಿರು ಟಿಕ್ ಉಂಟು. ಅದರ ಅಡಿಯಲ್ಲಿ ಸಣ್ಣಕ್ಕೆ, ಕೆಲವು ಫೈಲುಗಳನ್ನು ಬಿಟ್ಟಿದ್ದೇವೆ ಅಂತ ಇಂಗ್ಲಿಷಿನಲ್ಲಿ ಬರೆದುಂಟು."

"ಯಾವ ಫೈಲು?"

"ಅದು ಹೇಳುವುದಿಲ್ಲ ಮಾರಾಯ. ಒಂದು ನಂಬರು ಕೊಟ್ಟಿದೆ."

"ಹಸಿರು ಉಂಟಲ್ಲ, ತೊಂದರೆ ಇಲ್ಲ ಬಿಡಿ."

ಬಿಟ್ಟ ಫೈಲುಗಳ ಪಟ್ಟಿ ಲಾಗ್ ಎನ್ನುವ ಇನ್ನೊಂದು ಕಡತದಲ್ಲಿ ಇರುತ್ತದೆ. ಹುಡುಕಿ ತೆಗೆದರೆ, ಹೆಸರಿರಬೇಕಾದ ಜಾಗದಲ್ಲಿ ಸಾಲಾಗಿ ಪ್ರಶ್ನಾರ್ಥಕ ಚಿಹ್ನೆಗಳು! ಕನ್ನಡದಲ್ಲಿ ಹೆಸರಿಟ್ಟ ಫೈಲುಗಳೆಲ್ಲ ಅಲ್ಲಿ ಹಾಗೆಯೇ ಕಾಣುತ್ತವೆ. ಅಂತೂ ಗಾತ್ರ ನೋಡಿ ಅಂದಾಜು ಮಾಡಿದಾಗ ತಿಳಿಯಿತು, ಬಿಟ್ಟವುಗಳಲ್ಲಿ ತಾಳಮದ್ದಳೆಗಳೂ ಮದುವೆಯ ವಿಡಿಯೋವೂ ಇದ್ದವು. ಅಂದರೆ ಏನನ್ನು ಉಳಿಸಬೇಕೆಂದು ಇಷ್ಟೆಲ್ಲ ಮಾಡಿದೆವೋ ಅದೇ.

ವಿಡಿಯೋದ ಕಾರಣ ಸುಲಭದ್ದು. ಪೇಟೆಯಿಂದ ತಂದ ಡಿಸ್ಕು, ಪೆನ್‌ಡ್ರೈವುಗಳಲ್ಲಿ ಎಷ್ಟೋ ಸಲ ಫ್ಯಾಟ್32 ಎಂಬ ಹಳೆಯ ಕಾಲದ ವ್ಯವಸ್ಥೆ ಇರುತ್ತದೆ. ಅದರಲ್ಲಿ ಒಂದೇ ಫೈಲು 4 ಜಿಬಿ ದಾಟುವಂತಿಲ್ಲ. ಧಾರೆಯಿಂದ ಊಟದ ಪಂಕ್ತಿಯವರೆಗೆ ಒಂದೇ ಫೈಲಿನಲ್ಲಿ ಕೂರಿಸಿದ ಮದುವೆ ಅದನ್ನು ಮೀರುತ್ತದೆ. ಡಿಸ್ಕಿನ ಮುಕ್ಕಾಲು ಪಾಲು ಖಾಲಿ ಇದ್ದರೂ ಜಾಗ ಸಾಲದು ಎಂದು ನಮ್ಮ ತಂತ್ರಾಂಶ ದೂರಿತು. "ನಿನ್ನ ಅಪ್ಪ ಅಮ್ಮನ ಮದುವೆಗೇ ಜಾಗ ಇಲ್ಲವಂತೆ" ಎಂದು ಸೋದರಳಿಯನಿಗೆ ಹೇಳಿದ ಮೇಲೆಯೇ ಅವನು ವಿಷಯವನ್ನು ಗಂಭೀರವಾಗಿ ತೆಗೆದುಕೊಂಡದ್ದು.

ತಾಳಮದ್ದಳೆಯ ಕಾರಣ ಸ್ವಲ್ಪ ಸೂಕ್ಷ್ಮ. ಪ್ರಸಂಗ, ಭಾಗವತರು, ಅರ್ಥಧಾರಿಗಳು, ನಡೆದ ಜಾಗ, ವರ್ಷ ಎಲ್ಲವನ್ನೂ ಸೇರಿಸಿ ಫೈಲಿಗೆ ಹೆಸರಿಡುವುದು ನನ್ನ ರೂಢಿ; ಇಲ್ಲದಿದ್ದರೆ ಹತ್ತು ವರ್ಷದ ಮೇಲೆ ಯಾವುದು ಯಾವುದೆಂದು ಯಾರಿಗೂ ತಿಳಿಯುವುದಿಲ್ಲ. ಮನೆಯ ನೆಟ್‌ವರ್ಕಿಗೆ ಜೋಡಿಸುವ ಡಿಸ್ಕು ಪೆಟ್ಟಿಗೆಯೊಂದಕ್ಕೂ ನಮ್ಮ ತಂತ್ರಾಂಶ ನಕಲು ಕಳಿಸುತ್ತಿತ್ತು; ಅಂಥ ಪೆಟ್ಟಿಗೆಗಳು ಹೆಚ್ಚಾಗಿ ಲಿನಕ್ಸ್ ಮೇಲೆ ಓಡುತ್ತವೆ. ಅಲ್ಲಿ ಒಂದು ಫೈಲಿನ ಹೆಸರು 255 ಬೈಟ್ ಮೀರುವ ಹಾಗಿಲ್ಲ. ಇಂಗ್ಲಿಷಿನ ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದಲ್ಲಿ ಒಂದೊಂದು ಸಂಕೇತಕ್ಕೆ ಮೂರು ಬೈಟ್, ಗುಣಿತದ ಚಿಹ್ನೆಗೆ ಬೇರೆ, ಒತ್ತಕ್ಷರದ ನಡುವೆ ಕಣ್ಣಿಗೆ ಕಾಣದೆ ಕೂತ ವಿರಾಮಕ್ಕೆ ಬೇರೆ. 'ಕೃಷ್ಣ' ಎಂದು ಎರಡೇ ಅಕ್ಷರ ಬರೆದರೂ ಒಳಗೆ ಐದು ಸಂಕೇತ, 15 ಬೈಟ್. ಹೀಗೆ ಲೆಕ್ಕ ಹಾಕಿದರೆ 85 ಸಂಕೇತಕ್ಕೆ ಹೆಸರು ಮುಗಿಯಬೇಕು. ಇಬ್ಬರು ಅರ್ಥಧಾರಿಗಳ ಹೆಸರು ಬರುವಷ್ಟರಲ್ಲಿ ಮಿತಿ ಮುಗಿದಿರುತ್ತದೆ. ಇದನ್ನು ನೆಟ್ಟಗೆ ಹೇಳಿದ್ದರೆ ಹೆಸರು ಚಿಕ್ಕದು ಮಾಡಿ ಮುಗಿಸುತ್ತಿದ್ದೆವು. ಹೇಳದೆ, ಹಸಿರು ಟಿಕ್ ತೋರಿಸಿ ಸುಮ್ಮನಿರುವುದು ಯಾವ ನ್ಯಾಯ?

ಇನ್ನು, ನಕಲು ಸರಿಯಾಗಿಯೇ ಆಯಿತೆಂದು ಇಟ್ಟುಕೊಳ್ಳಿ. ಅದನ್ನು ಬಿಚ್ಚುವುದು ಯಾರು? ಅನೇಕ ತಂತ್ರಾಂಶಗಳು ಫೈಲುಗಳನ್ನು ಇದ್ದ ಹಾಗೆ ಇಡದೆ, ತಮ್ಮದೇ ಒಂದು ದೊಡ್ಡ ಕಟ್ಟಿನಲ್ಲಿ ತುಂಬಿಡುತ್ತವೆ. ಕಟ್ಟು ಬಿಚ್ಚಲು ಅದೇ ತಂತ್ರಾಂಶ ಬೇಕು. ವಿಂಡೋಸ್ ಎಕ್ಸ್‌ಪಿ ಕಾಲದ ಎನ್‌ಟಿ ಬ್ಯಾಕಪ್ ಕಟ್ಟುಗಳನ್ನು 2007ರಲ್ಲಿ ಮಾರುಕಟ್ಟೆಗೆ ಬಂದ ವಿಸ್ಟಾದ ಹೊಸ ಬ್ಯಾಕಪ್ ವ್ಯವಸ್ಥೆ ತೆರೆಯುತ್ತಿರಲಿಲ್ಲ. ಅದಕ್ಕೆಂದೇ ಒಂದು ಸಣ್ಣ ತಂತ್ರಾಂಶವನ್ನು ಪ್ರತ್ಯೇಕ ಇಳಿಸಿಕೊಳ್ಳಬೇಕಿತ್ತು. 2012ರ ವಿಂಡೋಸ್ 8ರಲ್ಲಿ ಫೈಲ್ ಹಿಸ್ಟರಿ ಎಂಬ ಮತ್ತೊಂದು ಪದ್ಧತಿ ಬಂತು. ಕ್ರ್ಯಾಶ್‌ಪ್ಲಾನ್ ಎಂಬ ಅಮೆರಿಕದ ಸೇವೆ ಮನೆಬಳಕೆಯವರಿಗೆ ಬಾಗಿಲು ಹಾಕುವುದಾಗಿ 2017ರಲ್ಲಿ ಹೇಳಿ, ಮರುವರ್ಷ ಹಾಕಿಯೂ ಬಿಟ್ಟಿತು. ಮಿತಿಯಿಲ್ಲದೆ ಉಚಿತವಾಗಿ ಫೋಟೋ ಇಟ್ಟುಕೊಳ್ಳುತ್ತಿದ್ದ ಗೂಗಲ್ ಫೋಟೋಸ್ 2021ರ ಜೂನ್ 1ರಿಂದ ಹೊಸ ಫೋಟೋಗಳನ್ನು 15 ಜಿಬಿಯ ಲೆಕ್ಕಕ್ಕೆ ಹಿಡಿಯತೊಡಗಿತು. ಇದರಲ್ಲಿ ಕೇಡಿನ ಉದ್ದೇಶ ಹುಡುಕಬೇಕಾಗಿಲ್ಲ, ವ್ಯಾಪಾರವೇ ಹಾಗೆ. ಆದರೆ ಕಂಪನಿಯ ಆಯುಸ್ಸಿಗಿಂತ ತಾಳಮದ್ದಳೆಯ ಆಯುಸ್ಸು ದೊಡ್ಡದಿರಬೇಕೆಂದು ಬಯಸುವವರು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಕನ್ನಡಿಗರಿಗೆ ಇದರ ಮೇಲೆ ಇನ್ನೊಂದು ತೊಡಕು. ಮಂಗಳೂರಿನ ಹತ್ತಿರದ ಕಿನ್ನಿಕಂಬಳದವರಾದ ಕೆ.ಪಿ. ರಾಯರು ಕನ್ನಡಕ್ಕೊಂದು ಸರಳ ಕೀಲಿಮಣೆ ವಿನ್ಯಾಸ ಮಾಡಿಕೊಟ್ಟರು, 'ಸೇಡಿಯಾಪು' ಎಂಬ ತಂತ್ರಾಂಶ ರೂಪಿಸಿದರು. 1998ರಲ್ಲಿ ಶೇಷಾದ್ರಿ ವಾಸು ಅವರ 'ಬರಹ' ಬಂತು. ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂತು. ಹೊರದೇಶದ ಕನ್ನಡ ಕೂಟಗಳು ಊರಿನ ಮುದ್ರಣಾಲಯವನ್ನು ಕಾಯದೆ ತಮ್ಮ ಸಂಚಿಕೆಗಳನ್ನು ತಾವೇ ಜೋಡಿಸುವ ಹಾಗಾದದ್ದು ಇಂಥವರ ಉಪಕಾರ. ಆದರೆ ಆಗಿನ ಫೈಲುಗಳಲ್ಲಿ ಬಹುಪಾಲು ಯೂನಿಕೋಡಿನವಲ್ಲ. ಒಳಗೆ ಇಂಗ್ಲಿಷಿನ ಸಂಕೇತ, ಮೇಲೆ ಕನ್ನಡ ಅಕ್ಷರದ ಚಿತ್ರ. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ, ತಲೆಯ ಮೇಲೆ ಕೊಂಬು, ಬಾಲ ಹಚ್ಚಿಕೊಂಡ ರೋಮನ್ ಅಕ್ಷರಗಳ ಸಂತೆ. ಬ್ಯಾಕಪ್ ತಂತ್ರಾಂಶ ಆ ಫೈಲನ್ನು ಒಂದು ಬಿಟ್ ತಪ್ಪದೆ ಕಾಪಾಡಿರುತ್ತದೆ. ಓದಲು ಮಾತ್ರ ಬರುವುದಿಲ್ಲ. ಅದನ್ನು ಯೂನಿಕೋಡಿಗೆ ಬದಲಾಯಿಸುವ ಪರಿವರ್ತಕಗಳು ಈಗ ಸುಲಭವಾಗಿ ಸಿಗುತ್ತವೆ. ನಿಮ್ಮ ಕೂಟದ ಹಳೆಯ ಸಂಚಿಕೆಗಳ ಫೈಲು ಯಾರದಾದರೂ ಡಿಸ್ಕಿನಲ್ಲಿ ಇದ್ದರೆ ಆ ಕೆಲಸ ಈಗಲೇ ಮಾಡಿಸಿಡುವುದು ಒಳ್ಳೆಯದು.

ಕಾಪಾಡುವುದು ಬೇರೆ, ಓದಲು ಬರುವುದು ಬೇರೆ ಎನ್ನುವ ಮಾತಿಗೆ ನಮ್ಮ ಜಿಲ್ಲೆಯಲ್ಲೇ ಇದಕ್ಕಿಂತ ಬಹಳ ಹಳೆಯ ಸಾಕ್ಷಿ ಉಂಟು. ಮಂಗಳೂರಿನಿಂದ ಸುಮಾರು 35 ಕಿಲೋಮೀಟರ್ ದೂರದ ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಧವಲ, ಜಯಧವಲ, ಮಹಾಧವಲ ಎಂಬ ಜೈನ ಸಿದ್ಧಾಂತ ಗ್ರಂಥಗಳ ತಾಳೆಗರಿ ಪ್ರತಿಗಳಿವೆ. ವೀರಸೇನಾಚಾರ್ಯರು 9ನೆಯ ಶತಮಾನದಲ್ಲಿ ಬರೆದ ಧವಲದ ಪ್ರಾಚೀನ ಪ್ರತಿ ಬೇರೆಲ್ಲೂ ಉಳಿದಿರಲಿಲ್ಲ. ಭಾಷೆ ಪ್ರಾಕೃತ-ಸಂಸ್ಕೃತ, ಲಿಪಿ ಹಳೆಯ ಕನ್ನಡ. ಕರಾವಳಿಯ ಮಳೆಗಾಲಗಳನ್ನೆಲ್ಲ ದಾಟಿಸಿ ಆ ಗರಿಗಳನ್ನು ಉಳಿಸಿಕೊಂಡು ಬಂದವರ ಶ್ರದ್ಧೆ ಸಾಮಾನ್ಯದ್ದಲ್ಲ. ಆದರೆ ಶತಮಾನಗಳ ಕಾಲ ಯಾತ್ರಿಕರಿಗೆ ಸಿಕ್ಕಿದ್ದು ಗ್ರಂಥದ ದರ್ಶನ ಮಾತ್ರ. ಬಿಚ್ಚಿ ಓದುವ ಪದ್ಧತಿ ನಿಂತೇ ಹೋಗಿತ್ತು.

19ನೆಯ ಶತಮಾನದ ಕೊನೆಯಲ್ಲಿ ಕಾಗದಕ್ಕೆ ಪ್ರತಿ ಮಾಡುವ ಕೆಲಸ ಶುರುವಾಯಿತು. ಪ್ರತಿ ಊರು ಬಿಟ್ಟು ಹೋಗಕೂಡದು ಎನ್ನುವುದು ಆಗಿನ ಕಟ್ಟುಪಾಡು. ಆ ಕೆಲಸದಲ್ಲಿದ್ದ ಪಂಡಿತ ಗಜಪತಿ ಉಪಾಧ್ಯಾಯರು ಪತ್ನಿ ಲಕ್ಷ್ಮೀಬಾಯಿಯವರ ನೆರವಿನಿಂದ ಮನೆಯಲ್ಲಿ ಗುಟ್ಟಾಗಿ ಕನ್ನಡ ಲಿಪಿಯಲ್ಲಿ ಇನ್ನೊಂದು ಪ್ರತಿ ಮಾಡಿದರು. ಅದು ಉತ್ತರ ಪ್ರದೇಶದ ಸಹಾರನ್‌ಪುರ ಸೇರಿತು; ಅಲ್ಲಿಂದ ಮುಂದಕ್ಕೆ ಪ್ರತಿಗೆ ಪ್ರತಿ ಹುಟ್ಟಿತು. ಅವನ್ನು ಆಧಾರವಾಗಿಟ್ಟುಕೊಂಡು ಹೀರಾಲಾಲ್ ಜೈನ್ ಅವರು ಸಂಪಾದಿಸಿದ ಧವಲದ ಮೊದಲ ಸಂಪುಟ 1939ರಲ್ಲಿ ಅಮರಾವತಿಯಿಂದ ಹೊರಬಂತು. ಮುಂದೆ ಒಟ್ಟು 16 ಸಂಪುಟಗಳಾದವು. ಅಷ್ಟಕ್ಕೇ ಮುಗಿಯಲಿಲ್ಲ. ಅಚ್ಚಾದ ಪಾಠವನ್ನು ಮೂಡುಬಿದಿರೆಯ ಮೂಲ ಗರಿಗಳೊಂದಿಗೆ ತಾಳೆ ನೋಡಿದರು. ನಕಲಿನಿಂದ ನಕಲಿಗೆ ಸಾಗುವಾಗ ಬಿಟ್ಟುಹೋಗಿದ್ದ ಪದಗಳು ಆಗ ಕೈಗೆ ಸಿಕ್ಕಿದವು.

ಗುಟ್ಟಾಗಿ ಪ್ರತಿ ಮಾಡಿದ್ದು ಸರಿಯೋ ತಪ್ಪೋ ಎನ್ನುವ ವಾದ ಬೇರೆ. ನನಗೆ ಮುಖ್ಯವಾಗಿ ಕಾಣುವುದು ಅಲ್ಲಿ ಆದ ಕೆಲಸಗಳ ಪಟ್ಟಿ. ಹೊಸ ಮಾಧ್ಯಮಕ್ಕೆ ಬಂತು, ಆಗಿನವರು ಓದಬಲ್ಲ ಲಿಪಿಗೆ ಬಂತು, ಇನ್ನೊಂದು ಊರಿಗೆ ಹೋಯಿತು, ಕೊನೆಗೆ ಮೂಲದೊಂದಿಗೆ ತಾಳೆ ನೋಡಿದ್ದಾಯಿತು. ಇಂದಿನ ಛಾಯಾಗ್ರಾಹಕರಲ್ಲಿ ಪೀಟರ್ ಕ್ರೋಗ್ ಎಂಬವರು ಜನಪ್ರಿಯಗೊಳಿಸಿದ 3-2-1 ಸೂತ್ರವೂ ಹೆಚ್ಚುಕಮ್ಮಿ ಇದೇ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ದೂರದ ಜಾಗದಲ್ಲಿ. ಈ ಮೂರನ್ನೂ ತಂತ್ರಾಂಶದಿಂದ ಮಾಡಿಸಬಹುದು. ತಾಳೆ ನೋಡುವುದನ್ನು ಪೂರ್ತಿ ಅದಕ್ಕೆ ವಹಿಸಲು ಬರುವುದಿಲ್ಲ. ಬೈಟಿಗೆ ಬೈಟು ಸರಿಹೊಂದಿತೆಂದು ಹೇಳುವಷ್ಟಕ್ಕೆ ಅದರ ಕೆಲಸ ಮುಗಿಯಿತು. ಇದು ಯಾವ ಪ್ರಸಂಗ, ನಡುವೆ ಕೇಳುವ ನಗು ಯಾರದು, ಅರ್ಧ ಗಂಟೆ ಎಲ್ಲಿ ಹಾರಿಹೋಗಿದೆ ಎಂದು ಅದಕ್ಕೆ ಹೇಗೆ ತಿಳಿಯಬೇಕು?

ಆದ್ದರಿಂದ ಪರದೇಶದ ಬಂಧುಗಳಲ್ಲಿ ಕೆಲವು ವಿನಂತಿಗಳು. ಫೋನಿನಲ್ಲಿ "ಬ್ಯಾಕಪ್ ಆಗ್ತಾ ಉಂಟಾ" ಎಂದು ಕೇಳಬೇಡಿ. "ಕಳೆದ ವರ್ಷದ ಡಿಸ್ಕಿನಿಂದ ಒಂದು ತಾಳಮದ್ದಳೆ ತೆಗೆದು ಕೇಳಿಸಿ" ಎನ್ನಿ. ಚಂದದ ತಂತ್ರಾಂಶ ಇರಲಿ, ಅದರ ಜೊತೆಗೆ ಯಾವ ಕಟ್ಟೂ ಇಲ್ಲದ, ಎಲ್ಲಿ ಚುಚ್ಚಿದರೂ ತೆರೆಯುವ ಸಾದಾ ನಕಲು ಒಂದಿರಲಿ. ಡಿಸ್ಕನ್ನು ಸದಾ ಕಂಪ್ಯೂಟರಿಗೆ ಚುಚ್ಚಿಟ್ಟು ಹೋಗಬೇಡಿ. ಸಿಡಿಲಿಗೂ ವೈರಸ್ಸಿಗೂ ಆಗ ಎರಡನ್ನೂ ಒಟ್ಟಿಗೆ ಕೆಡಿಸುವುದು ಸುಲಭ. ಪಾಸ್‌ವರ್ಡ್ ಹಾಕಿದ್ದರೆ ಅದನ್ನು ಕಾಗದದಲ್ಲಿ ಬರೆದು ಆಸ್ತಿಪತ್ರದ ಜೊತೆ ಇಡಿ. ಎರಡು ಕಡೆಯೂ ಒಂದೇ ಆಗಿರುವಂತೆ ನೋಡಿಕೊಳ್ಳುವ ಕ್ಲೌಡ್ ಫೋಲ್ಡರನ್ನು ಬ್ಯಾಕಪ್ ಎಂದು ನಂಬಬೇಡಿ. ಇಲ್ಲಿ ಅಮ್ಮ ತಪ್ಪಿ ಅಳಿಸಿದ್ದು ಅಲ್ಲಿಯೂ ಅಳಿದುಹೋಗುತ್ತದೆ; ಕಸದಬುಟ್ಟಿಯಲ್ಲಿ ಕೆಲವು ದಿನ ಉಳಿದರೆ ಪುಣ್ಯ.

ಮುಖ್ಯವಾಗಿ, ಒಂದು ಪ್ರತಿಯನ್ನು ನಿಮ್ಮಲ್ಲಿಗೆ ಒಯ್ಯಿರಿ, ಒಯ್ದು ಕಪಾಟಿನಲ್ಲಿ ಇಡಬೇಡಿ. ಟೊರಾಂಟೋದ ಹಿಮದಲ್ಲೋ ದುಬೈಯ ಟ್ರಾಫಿಕ್ಕಿನಲ್ಲೋ ಕಾರಿನಲ್ಲಿ ಹಾಕಿ ಕೇಳಿ. ಯಾವ ಮಾತು ಅರ್ಥವಾಗಲಿಲ್ಲ, ಎಲ್ಲಿ ತುಂಡಾಗಿದೆ, ಯಾವ ಫೋಟೋದಲ್ಲಿ ಯಾರಿದ್ದಾರೆ ಗೊತ್ತಾಗಲಿಲ್ಲ ಎಂದು ಬರೆದು ಕಳಿಸಿ. ಅದಕ್ಕೆ ಉತ್ತರ ಹೇಳಬಲ್ಲ ಹಿರಿಯರು ಇನ್ನೂ ಇದ್ದಾರೆ, ಫೋನೂ ಎತ್ತುತ್ತಾರೆ. ಅವರು ಹೇಳಿದ್ದನ್ನು ಫೈಲಿನ ಜೊತೆ ಬರೆದಿಡಿ, ಯೂನಿಕೋಡಿನಲ್ಲಿ, ಹೆಸರು ಸ್ವಲ್ಪ ಚಿಕ್ಕದಾಗಿ.