ಅಪ್ಪನ ಮಾರಿ ನೇಯ್ದವರು

ಅಪ್ಪ ಸೊಲ್ಲಾಪುರದ ಚಾದರ ಕಾರಖಾನೆಯಲ್ಲಿ ಮಗ್ಗ ನಡೆಸಿದವರು. ಅವರು ತೀರಿಕೊಂಡು ವರ್ಷ ತುಂಬುವ ಹೊತ್ತಿಗೆ ಒಂದು ಹಳೆಯ ಫೋಟೋ ಕೊಟ್ಟು, ಅದನ್ನೇ ಬಟ್ಟೆಯಲ್ಲಿ ನೇಯಿಸಿದೆ. ಸೊಲ್ಲಾಪುರದಲ್ಲಿ ಗೋಡೆಗೆ ಹಾಕುವ ಜಕಾರ್ಡ್ ಚಿತ್ರಗಳು ಹೊಸವಲ್ಲ. ಈಗ ಫೋಟೋ ಕೊಟ್ಟರೆ ಸಾಕು, ಉಳಿದದ್ದೆಲ್ಲ ಕಂಪ್ಯೂಟರ್ ಮಾಡ್ತದ ಅಂತಾರೆ.

ಚಿತ್ರ ಬಂತು. ಅವ್ವ ಹತ್ತಿರ ಹೋಗಿ ಕೈಯಾಡಿಸಿದಳು. “ಛಲೋ ಆಗೈತಿ. ಆದ್ರ ಇದು ಅವರ ಮಾರಿ ಅಲ್ಲ” ಅಂದಳು.

ಅಪ್ಪನ ಗಲ್ಲದ ಮೇಲೆ ಸಿಡುಬಿನ ಕಲೆಗಳಿದ್ದವು. ಕಂಪ್ಯೂಟರ್ ಮುಂದೆ ಕೂತ ಹುಡುಗ ಅವು ಹಳೆಯ ಫೋಟೋದ ಕೊಳೆ ಎಂದು ತಿಳಿದು ಒರೆಸಿಬಿಟ್ಟಿದ್ದ. ನಾನೂ ಹೇಳಿರಲಿಲ್ಲ.

ಯಂತ್ರ ಬಂತು, ಕೈ ಹೋಯಿತು, ಅದಕ್ಕೇ ಹೀಗಾಯಿತು ಅಂತ ಮೊದಲು ಅನ್ನಿಸಿತು. ಸುಲಭದ ಮಾತು ಅದು. ಆದರೆ ಮಗ್ಗಕ್ಕೆ ಕಂಪ್ಯೂಟರ್ ಹೊರಗಿನದಲ್ಲ. ಜಕಾರ್ಡ್ ಮಗ್ಗದಲ್ಲಿ ರಟ್ಟಿನ ಕಾರ್ಡಿಗೆ ತೂತು ಇದ್ದರೆ ಹಾಸಿನ ಎಳೆ ಮೇಲೇಳುತ್ತದೆ, ಇಲ್ಲದಿದ್ದರೆ ಇಲ್ಲ. ಉಂಟು-ಇಲ್ಲ ಎಂಬ ಈ ಎರಡೇ ಮಾತಿನಿಂದ 1839ರಲ್ಲಿ ಫ್ರಾನ್ಸಿನ ಲಿಯೋನ್ ಪಟ್ಟಣದಲ್ಲಿ ಜಕಾರ್ಡನ ಭಾವಚಿತ್ರವನ್ನೇ ರೇಷ್ಮೆಯಲ್ಲಿ ನೇಯ್ದರು. ಅದಕ್ಕೆ ಸುಮಾರು 24,000 ಕಾರ್ಡು ಬೇಕಾದವು. ಅದರ ಒಂದು ಪ್ರತಿ ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜನ ಮನೆಯಲ್ಲಿತ್ತು. ಬಂದವರು ಅದನ್ನು ಅಚ್ಚು ಹಾಕಿದ ಚಿತ್ರ ಅಂದುಕೊಳ್ಳುತ್ತಿದ್ದರಂತೆ. ತಾನು ಕಟ್ಟಬೇಕೆಂದಿದ್ದ ಲೆಕ್ಕದ ಯಂತ್ರಕ್ಕೆ ಬ್ಯಾಬೇಜ್ ತೂತಿನ ಕಾರ್ಡುಗಳನ್ನು ತೆಗೆದುಕೊಂಡದ್ದು ಮಗ್ಗದಿಂದಲೇ.

ಹಾಗಾದರೆ ಕೆಟ್ಟದ್ದು ಎಲ್ಲಿ? ಅಮೆರಿಕೆಯಲ್ಲಿ ಲಿಯಾ ಕುಕ್ ಎಂಬ ಕಲಾವಿದೆ ಇದ್ದಾರೆ. ಬಾಲ್ಯದ ಫೋಟೋಗಳನ್ನು ಕಂಪ್ಯೂಟರಿಗೆ ಹಾಕಿ ಮುಖಗಳನ್ನು ನೇಯ್ದವರು. ಅವರ ಮಗ್ಗದಲ್ಲಿ ಯಾವ ಎಳೆ ಏಳಬೇಕೆಂದು ಕಂಪ್ಯೂಟರ್ ಹೇಳುತ್ತದೆ, ಲಾಳಿ ಹಾಯಿಸುವುದು ಮಾತ್ರ ಕೈ. ಎಲ್ಲಿ ಕಪ್ಪು, ಎಲ್ಲಿ ಬಿಳುಪು ಎಂದು ಗೊತ್ತುಮಾಡಿದವರೇ ಎಳೆಯನ್ನೂ ಮುಟ್ಟುತ್ತಾರೆ. ನಮ್ಮಲ್ಲಿ ಅದು ಇಬ್ಭಾಗ. ಗೊತ್ತುಮಾಡುವವನು ನೂಲು ಮುಟ್ಟುವುದಿಲ್ಲ, ನೂಲು ಮುಟ್ಟುವವನನ್ನು ಯಾರೂ ಕೇಳುವುದಿಲ್ಲ.

ಇದು ನನಗೆ ಹೊಳೆದದ್ದು ಕಾರಖಾನೆಗೆ ಮತ್ತೆ ಹೋದಾಗ. ಆ ಬಟ್ಟೆ ಇಳಿದ ಮಗ್ಗದ ಮೇಲೆ ಇದ್ದವರು ಅಪ್ಪನ ಜೊತೆ ದುಡಿದ ಕಾಕಾ! “ಕಾಕಾ, ನಿಮಗ ಗೊತ್ತಾಗಲಿಲ್ಲೇನು?” ಅಂದೆ.

“ಗೊತ್ತಾತಪಾ. ಗಲ್ಲ ಭಾಳ ನುಣುಪು ಬಂತು. ಆದ್ರ ಫೈಲಿನ್ಯಾಗ ಹ್ಯಾಂಗೈತಿ ಹಾಂಗ ಇಳಸೋದು ನಮ್ಮ ಕೆಲಸ. ನಮ್ಮನ್ನ ಯಾರು ಕೇಳ್ತಾರ?”

ಇಪ್ಪತ್ತು ವರ್ಷ ಆ ಮುಖದ ಎದುರು ಬುತ್ತಿ ಬಿಚ್ಚಿದ ಮನುಷ್ಯ. ಅವರ ಕಣ್ಣೆದುರೇ ಆ ಮುಖ ಎಳೆ ಎಳೆಯಾಗಿ ತಪ್ಪಾಗಿ ಇಳಿಯುತ್ತಿತ್ತು, ಅವರು ಸುಮ್ಮನೆ ನಿಂತಿದ್ದರು. ಸಿಟ್ಟು ಬಂತು. ಆಮೇಲೆ ನೆನಪಾಯಿತು, ಅಪ್ಪನೂ ಹಾಗೇ. “ಇವತ್ತಿನ ನವಿಲಿನ ಕೊಕ್ಕ ಸೊಟ್ಟ ಐತಿ” ಎಂದು ಮನೆಗೆ ಬಂದು ನಗುತ್ತಿದ್ದರು. ಕಾರಖಾನೆಯಲ್ಲಿ ಹೇಳಿದ್ದನ್ನು ನಾನು ಕೇಳಿಲ್ಲ. ಆಗ ಕಂಪ್ಯೂಟರ್ ಇರಲೇ ಇಲ್ಲ.

ಆಗ ಒಂದು ನೆವ ಮಾತ್ರ ಇತ್ತು. ಕೊಕ್ಕು ನೆಟ್ಟಗೆ ಮಾಡಬೇಕಾದರೆ ಗ್ರಾಫ್ ಹಾಳೆಯ ಮನೆಗಳನ್ನು ಮತ್ತೆ ತುಂಬಿ, ಕಾರ್ಡುಗಳನ್ನು ಮತ್ತೆ ಕೊರೆಯಬೇಕಿತ್ತು. ಇಂದು ತೆರೆಯ ಮೇಲೆ ನಾಲ್ಕು ಚುಕ್ಕಿ ತಿದ್ದಿದರೆ ಆಯಿತು. ತಿದ್ದುವುದು ಇಷ್ಟು ಅಗ್ಗವಾದ ಮೇಲೂ ಮಗ್ಗದವನನ್ನು ಕೇಳದಿದ್ದರೆ ಅದಕ್ಕೆ ಯಂತ್ರವನ್ನು ಹೊಣೆ ಮಾಡಲಾಗದು. ಅಷ್ಟೇಕೆ, ದುಡ್ಡು ಕೊಟ್ಟು ಬಂದ ನಾನೂ ಈ ಬಟ್ಟೆ ಯಾರ ಮಗ್ಗಕ್ಕೆ ಹೋಗುತ್ತದೆಂದು ಕೇಳಿರಲಿಲ್ಲ.

ಎರಡನೆಯ ಸಲ ಕಾಕಾನನ್ನು ಕರೆದು ಆ ಹುಡುಗನ ಪಕ್ಕದಲ್ಲಿ ಕೂಡಿಸಿದೆ. ಅವರು ಮೊದಲು ಕುರ್ಚಿಯ ತುದಿಗೆ ಕೂತರು. ಆಮೇಲೆ ಗಾಜಿನ ಮೇಲೆ ಬೆರಳಿಟ್ಟು, “ಇಲ್ಲೊಂದು, ಕಿವಿ ಹತ್ರ ಇನ್ನೊಂದು” ಎಂದು ತೋರಿಸತೊಡಗಿದರು. ಹುಡುಗ ಒಂದೊಂದೇ ಇಟ್ಟ. ಕಲೆ ಅಂದರೆ ಬಟ್ಟೆಯಲ್ಲಿ ನಾಲ್ಕೈದು ಎಳೆಯ ಕೂಡಿಕೆ, ಅದಕ್ಕಿಂತ ಸಣ್ಣದು ಎದ್ದು ಕಾಣಲಿಕ್ಕಿಲ್ಲ ಎಂದೂ ಕಾಕಾ ಅವನಿಗೆ ಹೇಳಿದರು.

ಹೊಸ ಚಿತ್ರ ಈಗ ಗೋಡೆಯ ಮೇಲಿದೆ. ಕಿವಿ ಹತ್ತಿರದ ಕಲೆ ಇದ್ದದ್ದಕ್ಕಿಂತ ತುಸು ದೊಡ್ಡದಾಗಿದೆ. “ಇರಲಿ ಬಿಡು” ಅಂದಳು ಅವ್ವ.